ಹದಿನೆಂಟನೆಯ ಗುಳಿಯ ತೀರ್ಪು

ಮಾನ್ಯ ಅಧ್ಯಕ್ಷರಾದ ಬೋಜಪ್ಪನವರೇ, ಮೈಸೂರಿನಿಂದ ಬಂದು ಮುಖ್ಯ ಅತಿಥಿಯ ಸ್ಥಾನವನ್ನೂ ಬಿಲಿಯರ್ಡ್ಸ್ ಕೋಣೆಯಿಂದ ತಂದಿಟ್ಟ ಆ ದೊಡ್ಡ ಕುರ್ಚಿಯನ್ನೂ ಅಲಂಕರಿಸಿರುವ ಅಧಿಕಾರಿಗಳೇ, ಕ್ಲಬ್ಬಿನ ಸದಸ್ಯರೇ, ಸದಸ್ಯರನ್ನು ಇಷ್ಟು ವರ್ಷ ಸಹಿಸಿಕೊಂಡು ಬಂದಿರುವ ಅವರ ಮನೆಯವರೇ, ಸಭಿಕರೇ, ಮತ್ತು ವರಾಂಡದಲ್ಲಿ ನಿಂತಿರುವವರೇ,

ವರಾಂಡದವರನ್ನು ಸೇರಿಸಿದ್ದಕ್ಕೆ ಮುಂದಿನ ಸಾಲಿನ ಕೆಲವರು ತಿರುಗಿ ನೋಡಿದಿರಿ. ಕ್ಷಮಿಸಬೇಕು. ಇಂಗ್ಲಿಷಿನಲ್ಲಿ ಮಾತಾಡುವಾಗ ಅವರನ್ನು ಸಂಬೋಧಿಸುವ ಅಗತ್ಯ ಬರುತ್ತಿರಲಿಲ್ಲ. ಕನ್ನಡದಲ್ಲಿ ಮಾತಾಡಿದರೆ ಅವರಿಗೂ ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಇದೊಂದು ತೊಂದರೆ.

ಈ ಕಟ್ಟಡದೊಳಗೆ ಇವತ್ತಿನವರೆಗೆ ಒಂದು ಭಾಷಣವೂ ಕನ್ನಡದಲ್ಲಿ ಆಗಿಲ್ಲ. ಕಾಫಿ ತಾ ಎಂದು ಹೇಳುವುದಕ್ಕೆ, ತಂದ ಕಾಫಿ ತಣ್ಣಗಿದೆ ಎಂದು ಬೈಯುವುದಕ್ಕೆ ನಾವು ಕನ್ನಡ ಬಳಸುತ್ತಿದ್ದೆವು. ಮನೆಯ ಜಗಳಕ್ಕೆ ನಮ್ಮ ಕೊಡವ ತಕ್ಕ್ ಭಾಷೆ ಇತ್ತು. ಘನವಾದದ್ದೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ಬರುವ ಗುರುವಾರದಿಂದ ಕೊಡಗು ರಾಜ್ಯ ಇರುವುದಿಲ್ಲ; ನಾವು ಮೈಸೂರಿನೊಳಗೆ ಸೇರುತ್ತೇವೆ. ಆದಕಾರಣ ಅಧ್ಯಕ್ಷರು ಹದಿನೈದು ದಿನದ ಹಿಂದೆ ನನ್ನನ್ನು ಕರೆದು, “ಉತ್ತಯ್ಯ, ನಿನ್ನ ಭಾಷಣ ಕನ್ನಡದಲ್ಲೇ ಇರ್ಲಿ ಮಾರಾಯ. ನಾವೂ ಕನ್ನಡದವ್ರೇ ಅಂತ ಆ ಆಫೀಸರಿಗೆ ಗೊತ್ತಾಗ್ಬೇಕು” ಎಂದರು. ನಾನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದ ಒಳ್ಳೆಯ ಭಾಷಣ ಈಗಲೂ ಜೇಬಿನಲ್ಲಿದೆ. ನನ್ನ ಕನ್ನಡವೋ ತೋಟದ ಕನ್ನಡ. ಅದರಲ್ಲಿ ಬೈಗುಳ ಜಾಸ್ತಿ, ಅಲಂಕಾರ ಕಡಿಮೆ.

ಈಗ ತಾನೇ ಅಧ್ಯಕ್ಷರು ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಬಿನ್ನವತ್ತಳೆ ಓದಿದರು. ಅದರಲ್ಲಿ ನನ್ನನ್ನು ಮೂರು ಬಾರಿಯ ಕ್ಲಬ್ ಚಾಂಪಿಯನ್ ಎಂದಿದ್ದಾರೆ. ಹನ್ನೆರಡು ವರ್ಷದ ನಿಸ್ವಾರ್ಥ ಕಾರ್ಯದರ್ಶಿ ಎಂದಿದ್ದಾರೆ. ಕೊಡಗು ರಾಜ್ಯದ ಮೊದಲನೆಯ ಹಾಗೂ ಕೊನೆಯ ವೃತ್ತಿಪರ ಗಾಲ್ಫ್ ಚಾಂಪಿಯನ್‌ಷಿಪ್ಪಿನ ನಿಷ್ಪಕ್ಷಪಾತ ರೆಫರಿ ಎಂದೂ ಹೊಗಳಿದ್ದಾರೆ. ನಾನು ಗೆದ್ದ ಮೂರು ಬೆಳ್ಳಿಯ ಕಪ್ಪುಗಳನ್ನು ಈ ಮೇಜಿನ ಮೇಲೆ ಜೋಡಿಸಿದ್ದಾರೆ. ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಮನೆಯವಳು ಬೊಳ್ಳಮ್ಮ ಅವುಗಳನ್ನು ನಿನ್ನೆ ಬೂದಿ ಹಾಕಿ ಉಜ್ಜಿದಳು. ಉಜ್ಜುತ್ತಾ, “ಗೆದ್ದವರೊಬ್ಬರು, ತಿಕ್ಕುವವಳು ಮತ್ತೊಬ್ಬಳು” ಎಂದಳು. ಇದರಲ್ಲಿ ತಪ್ಪೇನಿದೆ? ಹೆಂಡತಿಯಾದವಳು ಹಾಗೆ ಹೇಳಬೇಕಾದದ್ದೇ. ಆದರೆ ಗೆದ್ದವರು ಎನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ, ಮನೆಯ ವರಾಂಡದಲ್ಲಿ ನನ್ನ ಚೀಲ ಹೊರುವವನು ಕೂತಿದ್ದ ಕಡೆ ನೋಡಿದಳು. ಅದು ಬೇರೆ ವಿಷಯ.

ಚಾಂಪಿಯನ್‌ಷಿಪ್ಪಿನ ಕಥೆಯನ್ನು ಮುಖ್ಯ ಅತಿಥಿಗಳಿಗೆ ಹೇಳಲೇಬೇಕು. ಮಹನೀಯರೇ, ನಮ್ಮದು ಸಣ್ಣ ರಾಜ್ಯ. ಆದರೂ ನಮಗೆ ಶಾಸನಸಭೆ ಇತ್ತು, ಇಪ್ಪತ್ತನಾಲ್ಕು ಸದಸ್ಯರಿದ್ದರು, ಮಂತ್ರಿಗಳಿದ್ದರು, ಮಂತ್ರಿಗಳಿಗೆ ಕಾರಿತ್ತು. ಇಷ್ಟೆಲ್ಲ ಇದ್ದ ಮೇಲೆ ನಮ್ಮದೇ ಒಂದು ಗಾಲ್ಫ್ ಚಾಂಪಿಯನ್‌ಷಿಪ್ ಬೇಡವೇ? ಬೊಂಬಾಯಿಯಲ್ಲಿ ಇದೆ, ಕಲ್ಕತ್ತೆಯಲ್ಲಿ ಇದೆ, ನಮಗೇನು ಕಡಿಮೆ? ಕಡಿಮೆ ಇದ್ದದ್ದು ಒಂಬತ್ತು ಗುಳಿಗಳು ಮಾತ್ರ. ಬೇರೆಯವರ ಮೈದಾನದಲ್ಲಿ ಹದಿನೆಂಟು ಗುಳಿ, ನಮ್ಮದರಲ್ಲಿ ಒಂಬತ್ತು. ಅದೇ ಒಂಬತ್ತನ್ನು ಎರಡು ಸುತ್ತು ಆಡಿದರೆ ಹದಿನೆಂಟಾಗುತ್ತದೆ ಎಂದು ಬೋಜಪ್ಪನವರು ಕಂಡುಹಿಡಿದರು. ಈ ಬುದ್ಧಿಗಾಗಿಯೇ ನಾವು ಅವರನ್ನು ಪ್ರತಿ ವರ್ಷ ಅಧ್ಯಕ್ಷರನ್ನಾಗಿ ಆರಿಸುತ್ತೇವೆ.

ಗುಳಿಗಳ ಸುತ್ತ ಹುಲ್ಲು ನಿಲ್ಲುವುದಿಲ್ಲ, ಮಳೆಗೆ ಕೊಳೆಯುತ್ತದೆ. ಅದಕ್ಕಾಗಿ ಮರಳಿನ ಪಾತಿ ಮಾಡಿದ್ದೇವೆ. ಒಬ್ಬರು ಆಡಿ ಹೋದ ಮೇಲೆ ಆ ಮರಳನ್ನು ಹಲಗೆಯಿಂದ ಎಳೆದು ಸಮ ಮಾಡಬೇಕು. ಆ ಕೆಲಸ ಮಾಡುತ್ತಿದ್ದವನು, ನಮ್ಮ ಚೀಲ ಹೊರುತ್ತಿದ್ದವನು, ಚೆಂಡು ಹುಡುಕುತ್ತಿದ್ದವನು, ಎಲ್ಲ ಒಬ್ಬನೇ, ನಮ್ಮ ಕ್ಯಾಡಿ ಕಾಳ. ನೆಲ್ಯಹುದಿಕೇರಿಯ ಕಡೆ ಇರುವ ನನ್ನದೇ ತೋಟದ ಲೈನಿನವನು. ಲೈನೆಂದರೆ ಕೆಲಸಗಾರರ ಸಾಲುಮನೆ. ಅವನ ಪಾಲಿಗೆ ಒಂದು ಕೋಣೆ, ಅದರೊಳಗೆ ಅವನು, ಹೆಂಡತಿ ಚೋಮಿ, ತಾಯಿ, ನಾಲ್ಕು ಮಕ್ಕಳು. ಮಳೆಗಾಲದಲ್ಲಿ ತಗಡು ಸೋರಿದರೆ ಏಳು ಜನ ಒಂದೇ ಮೂಲೆಗೆ ಸೇರಿಕೊಳ್ಳುತ್ತಿದ್ದರು. ತಗಡು ಬದಲಾಯಿಸು ಎಂದು ಬೊಳ್ಳಮ್ಮ ನನಗೆ ಪ್ರತಿ ವರ್ಷ ಹೇಳುತ್ತಿದ್ದಳು. ನಾನೂ ಪ್ರತಿ ವರ್ಷ ಆಗಲಿ ಎನ್ನುತ್ತಿದ್ದೆ. ಇದನ್ನು ಯಾಕೆ ಹೇಳಿದೆ? ಇರಲಿ.

೧೯೫೪ನೆಯ ಇಸವಿ, ತುಲಾ ಸಂಕ್ರಮಣಕ್ಕೆ ನಾವೆಲ್ಲ ಭಾಗಮಂಡಲದಲ್ಲಿ ಮಿಂದು ಪಾಪ ಕಳೆದುಕೊಂಡು ಬಂದ ಮರುವಾರ ಪಂದ್ಯ ಎಂದು ಗೊತ್ತು ಮಾಡಿದೆವು. ಹದಿನಾರು ಜನ ವೃತ್ತಿಪರ ಆಟಗಾರರಿಗೆ ಪತ್ರ ಹೋಯಿತು. ಅವರನ್ನು ಆಕರ್ಷಿಸಲು ದೊಡ್ಡ ಬಹುಮಾನವನ್ನೇ ಇಟ್ಟಿದ್ದೆವು: ಗೆದ್ದವರು ನಮ್ಮ ಕ್ಲಬ್ಬಿನ ಕಾಯಂ ಗಾಲ್ಫ್ ಗುರುಗಳು, ಮೊದಲನೆಯ ಗುಳಿಯ ಪಕ್ಕದ ಹೆಂಚಿನ ಮನೆ ಅವರ ವಾಸಕ್ಕೆ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಾವಿ. ಹದಿನಾರು ಪತ್ರಕ್ಕೆ ಬಂದವರು ಮೂರು ಜನ. ಒಬ್ಬರು ಮದರಾಸಿನವರು, ಎರಡು ಬಣ್ಣದ ಬೂಟು ಹಾಕಿದ್ದರು. ಒಬ್ಬರು ಕೊಯಮತ್ತೂರಿನವರು. ಮೂರನೆಯವರು ಬೆಂಗಳೂರಿನ ಅರುಳಪ್ಪ, ಮಾತು ಕಡಿಮೆಯ ಮನುಷ್ಯ.

ಮೂರು ಜನರನ್ನಿಟ್ಟುಕೊಂಡು ಸೆಮಿಫೈನಲ್ ಆಡಿಸುವುದು ಹೇಗೆ? ನಾಲ್ಕನೆಯವನು ಬೇಕಲ್ಲ? ನಾವು ಯಾರೂ ಆಡುವಂತಿಲ್ಲ, ನಾವು ಹವ್ಯಾಸಿಗಳು. ಮಡಿಕೇರಿಯಿಂದ ದೊಡ್ಡವರು ಬಹುಮಾನ ಕೊಡಲು ಬರುವವರಿದ್ದರು. ಆಗ ಬೋಜಪ್ಪನವರು ಕನ್ನಡಕ ಏರಿಸಿ ನಿಯಮದ ಪುಸ್ತಕ ತೆಗೆದರು. ಮೈದಾನದಲ್ಲಿ ಚೀಲ ಹೊತ್ತು ಕೂಲಿ ತೆಗೆದುಕೊಳ್ಳುವ ವಯಸ್ಕನನ್ನು ಹವ್ಯಾಸಿ ಎನ್ನುವಂತಿಲ್ಲ ಎಂದು ಅದರಲ್ಲಿ ಓದಿಕೊಂಡರು. ಹಾಗಾದರೆ ಅವನು ಯಾರು? ವೃತ್ತಿಪರ. ಇಡೀ ಕೊಡಗು ರಾಜ್ಯದಲ್ಲಿ ಗಾಲ್ಫಿನಿಂದ ಅನ್ನ ತಿನ್ನುತ್ತಿದ್ದವನು ಒಬ್ಬನೇ, ಮತ್ತು ಅವನು ಆ ಹೊತ್ತಿಗೆ ಹೊರಗೆ ನನ್ನ ಬೂಟಿನ ಕೆಸರು ಕೆರೆಯುತ್ತಿದ್ದ. ಅಧ್ಯಕ್ಷರು ಕಿಟಕಿಯಿಂದ ತಲೆ ಹಾಕಿ, “ಏ ಕಾಳ, ನಾಳೆ ನೀನೂ ಆಡ್ಬೇಕು. ಒಂದು ಸುತ್ತು ಆಡಿ ಸೋತು ಬಾ ಸಾಕು” ಎಂದರು. “ಆಗ್ಲಿ ಸಾವ್ಕಾರ್ರೇ. ಸೋತ್ರೆ ಸಂಬಳ ಹಿಡಿಯೋದಿಲ್ಲ ಅಲ್ವಾ?” ಎಂದು ಕೇಳಿದ. ನಾವೆಲ್ಲ ನಕ್ಕೆವು.

ಅವನಿಗೆ ಆಡಲು ಬರುತ್ತದೆ ಎಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೋಮವಾರ ಕ್ಲಬ್ಬಿಗೆ ರಜೆ. ಆ ದಿನ ಅವನು ಕಾಫಿ ಗಿಡದ ಬೇರನ್ನು ಕೆತ್ತಿ ಮಾಡಿಕೊಂಡ ಕೋಲಿನಿಂದ, ನಾವು ಕಳೆದುಕೊಂಡ ಚೆಂಡುಗಳನ್ನು ಹೊಡೆಯುತ್ತಿದ್ದ. ಗೊತ್ತಿದ್ದೂ ನಾವು ಅದನ್ನು ಆಟವೆಂದು ತಿಳಿದಿರಲಿಲ್ಲ.

ಬರಿಗಾಲಿನಲ್ಲಿ ಆಡಿದರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕು ಎಂದು ನನ್ನ ಹಳೆಯ ಬೂಟು ಕೊಟ್ಟೆ. ಸೆಮಿಫೈನಲಿನಲ್ಲಿ ಎರಡು ಗುಳಿ ಬೂಟಿನಲ್ಲಿ ಆಡಿದ, ಎರಡನ್ನೂ ಸೋತ. ಮೂರನೆಯದರಲ್ಲಿ ಬೂಟು ಬಿಚ್ಚಿ ನನ್ನ ಕೈಗೇ ಕೊಟ್ಟು, “ಇದನ್ನ ಹಿಡ್ಕೊಳ್ಳಿ ಸಾವ್ಕಾರ್ರೇ” ಎಂದ. ನಾನು ಹಿಡಿದುಕೊಂಡೆ. ಹದಿನಾರನೆಯ ಗುಳಿಗೆ ಮದರಾಸಿನವರು ತಮ್ಮ ಎರಡು ಬಣ್ಣದ ಬೂಟಿನಲ್ಲಿ ಸೋತು ಬಸ್ಸಿನ ಹೊತ್ತು ವಿಚಾರಿಸತೊಡಗಿದರು. ಆ ಮರಳಿನ ಒಂದೊಂದು ಏರಿಳಿತವನ್ನೂ ತಾನೇ ಎಳೆದು ಮಾಡಿದವನಿಗೆ ಚೆಂಡು ಎತ್ತ ಉರುಳುತ್ತದೆ ಎಂದು ಯಾರು ಹೇಳಿಕೊಡಬೇಕು?

ಅವತ್ತು ಸಂಜೆ ನಾನು ಆ ಹೆಂಚಿನ ಮನೆಯ ಕಡೆಯಿಂದ ಬರುವಾಗ ಬಾಗಿಲು ತೆರೆದಿತ್ತು. ಒಳಗೆ ಚೋಮಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಗುಡಿಸುತ್ತಿದ್ದಳು. ಯಾರು ಹೇಳಿದರು ಎಂದು ಕೇಳಿದೆ. “ಯಾರೂ ಹೇಳಿಲ್ಲ ಸಾವ್ಕಾರ್ರೇ. ನಾಳೆ ಇವ್ರು ಗೆದ್ರೆ ಅತ್ತೆಯನ್ನ ಈ ಕೋಣೇಲಿ ಮಲಗಿಸ್ಬೋದು. ಇಲ್ಲಿ ಸೋರೋದಿಲ್ಲ, ನಾನು ಮೇಲೆಲ್ಲ ನೋಡ್ದೆ” ಎಂದಳು. ಆಗ ನನಗೆ ಒಂದು ವಿಷಯ ಹೊಳೆಯಿತು. ಇವನು ಗೆದ್ದರೆ ನನ್ನ ಲೈನು ಬಿಡುತ್ತಾನೆ, ಕ್ಲಬ್ಬಿನ ಗುರುವಾಗುತ್ತಾನೆ. ಗುರುವಾದವನ ಹೆಗಲಿಗೆ ನನ್ನ ಚೀಲ ಹಾಕುವುದು ಹೇಗೆ? ಆ ವಿಚಾರ ಒಂದು ಕ್ಷಣ ಬಂತು, ಹೋಯಿತು. ರೆಫರಿಯಾದವನ ಮನಸ್ಸಿನಲ್ಲಿ ಅಂಥದ್ದು ನಿಲ್ಲುವುದಿಲ್ಲ.

ಮರುದಿನ ಫೈನಲು, ಕಾಳನಿಗೂ ಅರುಳಪ್ಪನವರಿಗೂ. ಹದಿನೇಳು ಗುಳಿ ಮುಗಿದಾಗ ಇಬ್ಬರೂ ಸಮ. ಉಳಿದದ್ದು ಹದಿನೆಂಟನೆಯದು ಒಂದೇ, ಇದೋ ಈ ವರಾಂಡದ ಎದುರಿನದು. ಇದರಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಗುಳಿಗೆ ಹಾಕಿದವನಿಗೆ ಮನೆ. ತೋಟಗಳಲ್ಲಿ ಆ ಮಧ್ಯಾಹ್ನ ಕೆಲಸ ನಿಂತಿತ್ತು. ರೈಟರುಗಳೂ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಲ್ಲೇ ನಿಂತಿದ್ದರು. ಕಾಳನ ಚೆಂಡು ಮೈದಾನದ ನಟ್ಟನಡುವೆ ಬಿತ್ತು. ಅರುಳಪ್ಪನವರದು ಎಡಕ್ಕೆ ತಿರುಗಿ ಕಾಫಿ ಗಿಡಗಳೊಳಗೆ ಹೋಯಿತು. ಎಲ್ಲರೂ ಹುಡುಕಲು ಹೋದರು, ಕಾಳನೂ ಹೋದ. ಹುಡುಕುವುದು ಅವನ ಕೆಲಸ ತಾನೇ? “ಇಲ್ಲುಂಟು ಸಾರ್” ಎಂದು ಕೂಗಿದವನೂ ಅವನೇ. ಚೆಂಡು ಬೇರಿನ ಸಂದಿನಲ್ಲಿತ್ತು. ಕಾಳ ಅದರ ಪಕ್ಕ ಕೈ ಹಿಂದೆ ಕಟ್ಟಿಕೊಂಡು, ಆಕಾಶ ನೋಡುತ್ತಾ ನಿಂತ.

ಅಷ್ಟು ಜನ ಅವನ ಮುಖ ನೋಡುತ್ತಿದ್ದರು. ನಾನು ಮುಖ ನೋಡಲಿಲ್ಲ, ಪಾದ ನೋಡಿದೆ. ಬಲಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಚೆಂಡನ್ನು ಮೆತ್ತಗೆ ಹಿಡಿದು ಬೇರಿನಿಂದ ಒಂದು ಗೇಣು ಆಚೆ, ಒಳ್ಳೆಯ ನೆಲದ ಮೇಲೆ ಇಟ್ಟವು. ಮೊಣಕಾಲು ಅಲುಗಲಿಲ್ಲ. ಎದುರಾಳಿಯ ಚೆಂಡನ್ನು ಸರಿಸಿದವನಿಗೆ ಒಂದು ಹೊಡೆತದ ದಂಡ ಎಂದು ನಿಯಮವಿದೆ. ಅರುಳಪ್ಪನವರೂ ಐದು ಹೊಡೆತಕ್ಕೆ ಗುಳಿಗೆ ಹಾಕಿದರು, ಕಾಳನೂ ಐದಕ್ಕೆ ಹಾಕಿದ. ಜನ ಮತ್ತೊಂದು ಗುಳಿ ಆಡಿಸಬೇಕೆಂದು ಕೂಗುತ್ತಿದ್ದಾಗ ನಾನು ಕೈ ಎತ್ತಿ, ಕಾಳನದು ಆರು ಎಂದು ತೀರ್ಪು ಕೊಟ್ಟೆ. ಯಾರಿಗೂ ಕಾಣದ್ದು ರೆಫರಿಗೆ ಹೇಗೆ ಕಂಡಿತು ಎಂದು ಎಲ್ಲರೂ ಬೆರಗಾದರು. ನಿಷ್ಪಕ್ಷಪಾತ, ಹದ್ದಿನ ಕಣ್ಣು ಎಂದು ಅಧ್ಯಕ್ಷರು ಅವತ್ತೂ ಹೇಳಿದರು, ಇವತ್ತೂ ಹೇಳಿದರು. ಹದ್ದಿನ ಕಣ್ಣೂ ಇಲ್ಲ, ಎಂಥದೂ ಇಲ್ಲ. ನನ್ನ ಚೆಂಡಿಗೆ ಹದಿನೈದು ವರ್ಷದಿಂದ ಅದೇ ಹೆಬ್ಬೆರಳು ಅದೇ ಸೇವೆ ಮಾಡುತ್ತಿತ್ತು. ಎಲ್ಲಿ ನೋಡಬೇಕು ಎಂದು ನನಗೆ ಗೊತ್ತಿತ್ತು.

ಯಾರೋ ನಕ್ಕಿರಿ. ಉಳಿದವರು ನಗುತ್ತಿಲ್ಲ.

ಜೇಬಿನಲ್ಲಿರುವ ಇಂಗ್ಲಿಷ್ ಭಾಷಣದಲ್ಲಿ ಈ ವಾಕ್ಯ ಇಲ್ಲ. ಅಧ್ಯಕ್ಷರೇ, ನೀವು ಗಡಿಯಾರ ನೋಡಬೇಡಿ, ನೀವೇ ಕನ್ನಡದಲ್ಲಿ ಮಾತಾಡು ಎಂದವರು. ಈ ಸಭೆಯಲ್ಲಿ ಕ್ಯಾಡಿಯ ಕಾಲ್ಬೆರಳಿನ ಉಪಕಾರ ಪಡೆಯದ ಸದಸ್ಯರು ಇದ್ದರೆ ಎದ್ದು ನಿಲ್ಲಿ. ಯಾರೂ ಏಳುತ್ತಿಲ್ಲ. ನೀವೂ ಆರಾಮಾಗಿ ಕುಳಿತಿದ್ದೀರಿ ಅಧ್ಯಕ್ಷರೇ, ಕುಳಿತಿರಿ.

ಅವತ್ತು ನಾನು ಕಾಳನನ್ನು ಪಕ್ಕಕ್ಕೆ ಕರೆದು, ಯಾಕೋ ಹಾಗೆ ಮಾಡಿದೆ, ಅದು ನಿನ್ನ ಎದುರಾಳಿಯ ಚೆಂಡು, ಅದು ಅಲ್ಲೇ ಇದ್ದಿದ್ದರೆ ನೀನು ಗೆಲ್ಲುತ್ತಿದ್ದೆಯಲ್ಲ ಎಂದು ಬೈದೆ. ಅವನು ಪೆಚ್ಚಾಗಿ ನಿಂತ. “ಅವ್ರ ಚೀಲ ಹೊರೋಕೆ ಯಾರೂ ಇರ್ಲಿಲ್ಲ ಸಾವ್ಕಾರ್ರೇ. ಚೆಂಡು ಸಿಕ್ಕಿದ್ಮೇಲೆ ಒಳ್ಳೇ ಜಾಗಕ್ಕೆ ಇಡೋದು ಆಟದ್ದೇ ಕೆಲಸ ಅಂತ ತಿಳ್ಕೊಂಡಿದ್ದೆ. ನೀವು ಒಂದು ದಿನಾನೂ ಬೇಡ ಅಂದಿಲ್ಲ” ಎಂದ. ನನ್ನನ್ನು ಚುಚ್ಚಲು ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ತಿಳಿದಿದ್ದ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಅವನಿಗೆ ಆಟ ಕಲಿಸಿದವನು ನಾನು. ಆ ಬೂಟನ್ನು ಅವನ ಕಾಲಿನಿಂದ ಬಿಚ್ಚಲು ಬಿಡದೆ ಇದ್ದಿದ್ದರೆ ಹೆಬ್ಬೆರಳು ಒಳಗೇ ಇರುತ್ತಿತ್ತು, ಕೊಡಗು ರಾಜ್ಯಕ್ಕೆ ಒಬ್ಬ ಚಾಂಪಿಯನ್ ಸಿಗುತ್ತಿದ್ದ.

ಅರುಳಪ್ಪನವರು ಬಂದು, “ನಂಗೆ ಗೊತ್ತೇ ಆಗ್ಲಿಲ್ಲ ಸಾರ್, ಇನ್ನೊಂದು ಗುಳಿ ಆಡ್ತೀವಿ, ಬಿಡಿ” ಎಂದರು. ಇಬ್ಬರೂ ಒಪ್ಪಿ ನಿಯಮ ಬಿಟ್ಟರೆ ಇಬ್ಬರೂ ಪಂದ್ಯದಿಂದ ಹೊರಗೆ ಎಂದೆ. ಅದೂ ನಿಯಮವೇ. ನಿಯಮ ಅಂದರೆ ನಿಯಮ. ಈ ಕ್ಲಬ್ ಹುಟ್ಟಿದಂದಿನಿಂದ ನಾವು ಆ ಪುಸ್ತಕವನ್ನು ಅಕ್ಷರಶಃ ಪಾಲಿಸಿದ್ದು ಅದೊಂದು ಸಲ, ಬರಿಗಾಲಿನವನ ಮೇಲೆ. ಅರುಳಪ್ಪನವರು ಬಹುಮಾನದ ಕಪ್ಪು ತೆಗೆದುಕೊಂಡರು, ಮನೆಯ ಬೀಗದ ಕೈ ಮುಟ್ಟಲಿಲ್ಲ. “ಆ ಮನೆ ನನಗೆ ಬೇಡ ಸಾರ್” ಎಂದು ಮೈಸೂರು ಬಸ್ಸು ಹತ್ತಿದವರು ಮತ್ತೆ ಬರಲಿಲ್ಲ.

ಸಂಜೆ ಮನೆಗೆ ಬೀಗ ಹಾಕಲು ಹೋದೆ. ಚೋಮಿ ಹೊಸ್ತಿಲ ಹೊರಗೆ ಕೂತಿದ್ದಳು, ಕೈಯಲ್ಲಿ ಸೆಗಣಿ ಬಕೆಟ್ಟಿತ್ತು. ಗೆಲ್ಲುತ್ತಾರೆ ಎಂದು ಮಧ್ಯಾಹ್ನವೇ ನೆಲ ಸಾರಿಸಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಅಳಲಿಲ್ಲ, ಬೈಯಲಿಲ್ಲ. “ಒಳಗೆ ಹೋಗ್ಬೇಡಿ ಸಾವ್ಕಾರ್ರೇ, ನೆಲ ಇನ್ನೂ ಹಸಿ ಉಂಟು” ಎಂದಳು. ನಾನು ಹೊರಗಿನಿಂದಲೇ ಬೀಗ ಹಾಕಿದೆ. ನನಗೆ ಅವತ್ತು ನಾಚಿಕೆಯಾಯಿತು. ಆದ ನಾಚಿಕೆಯನ್ನು ಮನೆಗೆ ಹೋಗಿ ಎರಡು ಪೆಗ್ಗಿನಲ್ಲಿ ಇಳಿಸಿದೆ.

ಮುಖ್ಯ ಅತಿಥಿಗಳಿಗೆ ತೋರಿಸಬೇಕೆಂದು ಅಧ್ಯಕ್ಷರು ಕ್ಲಬ್ಬಿನ ನಡವಳಿ ಪುಸ್ತಕವನ್ನು ಈ ಮೇಜಿನ ಮೇಲೆ ಇಡಿಸಿದ್ದಾರೆ. ೧೯೫೪ನೆಯ ಇಸವಿಯ ಠರಾವು ನನ್ನದೇ ಅಕ್ಷರದಲ್ಲಿದೆ. ಇದರ ನಾಲ್ಕನೆಯ ಕಲಮನ್ನು ಕನ್ನಡದಲ್ಲಿ ಓದುತ್ತೇನೆ, ವರಾಂಡದವರು ಸ್ವಲ್ಪ ಹತ್ತಿರ ಬನ್ನಿ. ‘ಗೆದ್ದವರು ಒಂದು ತಿಂಗಳೊಳಗೆ ಬಂದು ಮನೆಯಲ್ಲಿ ವಾಸಿಸದಿದ್ದಲ್ಲಿ, ಗುರುವಿನ ಸ್ಥಾನವೂ ಮನೆಯೂ ಎರಡನೆಯ ಸ್ಥಾನ ಪಡೆದವರಿಗೆ ಸಲ್ಲತಕ್ಕದ್ದು.’ ಕೆಳಗೆ ಬೋಜಪ್ಪನವರ ಸಹಿ, ನನ್ನ ಸಹಿ. ನಾನು ಇದನ್ನು ಮರೆತಿದ್ದೆ.

ಇಲ್ಲ, ಮರೆತಿರಲಿಲ್ಲ. ಒಂದು ತಿಂಗಳು ಮುಗಿದ ದಿನ ನಾನು ಈ ಪುಟವನ್ನು ತೆಗೆದು ಓದಿ, ಮುಚ್ಚಿಟ್ಟೆ. ಎರಡನೆಯ ಸ್ಥಾನ ಪಡೆದವನು ಮರುದಿನವೂ ನನ್ನ ಚೀಲ ಹೊತ್ತ. ಅದರ ಮರುವರ್ಷ ನಾನು ಮೂರನೆಯ ಕಪ್ಪು ಗೆದ್ದೆ. ಹೇಗೆ ಗೆದ್ದೆ ಎಂದು ಈಗ ಬಿಡಿಸಿ ಹೇಳಬೇಕೇ? ಆ ಹೆಂಚಿನ ಮನೆಯಲ್ಲಿ ನಾವು ಮರಳಿನ ಮೂಟೆ ಇಟ್ಟಿದ್ದೇವೆ. ಮರಳು ನೆನೆಯಬಾರದಲ್ಲ? ಅದಕ್ಕೆ ಸೋರದ ಮನೆಯೇ ಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಇದನ್ನು ಮುಂದಿನ ಸಮಿತಿಯಲ್ಲಿ ಚರ್ಚಿಸೋಣವಂತೆ. ಸ್ವಾಮಿ, ಮುಂದಿನ ಸಮಿತಿ ಡಿಸೆಂಬರಿನಲ್ಲಿ. ಆಗ ಯಾರಾದರೂ ಎದ್ದು ನಿಂತು, ಇಲ್ಲದ ರಾಜ್ಯದ ಚಾಂಪಿಯನ್‌ಷಿಪ್ಪಿಗೆ ಇರುವ ಮನೆ ಯಾಕೆ ಕೊಡಬೇಕು ಎಂದು ಕೇಳುತ್ತೀರಿ. ಯಾರು ಕೇಳುತ್ತಾರೆ ಎಂದೂ ನನಗೆ ಗೊತ್ತು, ಯಾಕೆಂದರೆ ಇಂಥ ಉಪಾಯಗಳನ್ನು ಇಷ್ಟು ವರ್ಷ ನಿಮಗೆ ಹೇಳಿಕೊಟ್ಟವನೇ ನಾನು. ಗುರುವಾರದವರೆಗೆ ಕೊಡಗು ರಾಜ್ಯ ಇದೆ, ಠರಾವು ಇದೆ, ಅದನ್ನು ಜಾರಿ ಮಾಡುವ ಕಾರ್ಯದರ್ಶಿ ನಾನಿದ್ದೇನೆ. ಇದಕ್ಕೆ ಮೈಸೂರಿನ ಅಧಿಕಾರಿಗಳು ಸಾಕ್ಷಿ. ಸಾಹೇಬರೇ, ನೀವು ತಲೆಯಾಡಿಸಿದ್ದನ್ನು ಇಷ್ಟು ಜನ ನೋಡಿದ್ದಾರೆ.

ಈ ಶಾಲನ್ನು ಕಾಳನಿಗೆ ಹೊದಿಸಿ ದೊಡ್ಡವನಾಗುವ ಇರಾದೆ ನನಗಿಲ್ಲ. ಶಾಲು ನನ್ನಲ್ಲೇ ಇರಲಿ, ಚಳಿಗಾಲ ಬರುತ್ತಿದೆ. ಕಪ್ಪುಗಳನ್ನು ಮಾತ್ರ ಮನೆಗೆ ಒಯ್ಯುವುದಿಲ್ಲ. ಬೊಳ್ಳಮ್ಮ, ಇನ್ನು ನಿನಗೆ ಅವನ್ನು ತಿಕ್ಕುವ ಕೆಲಸವಿಲ್ಲ. ಗೋಡೆಯ ಹಲಗೆಯ ಮೇಲೆ ಮೂರು ಕಡೆ ಬರೆದಿರುವ ನನ್ನ ಹೆಸರನ್ನು ನಾಳೆಯೇ ಕೆರೆಸುತ್ತೇನೆ. ಅಲ್ಲಿ ಯಾರ ಹೆಸರು ಬರೆಯಬೇಕೆಂದು ನೀವೇ ಸಮಿತಿಯಲ್ಲಿ ಚರ್ಚಿಸಿಕೊಳ್ಳಿ, ಡಿಸೆಂಬರಿನಲ್ಲಿ.

ಕಾಳಾ, ನನ್ನ ಚೀಲ ಕೆಳಗಿಡು. ಒಳಗೆ ಬಾ ಎಂದು ನಾನು ಕರೆಯುವುದಿಲ್ಲ, ಕ್ಯಾಡಿಗಳು ಈ ಸಭಾಂಗಣದೊಳಗೆ ಬರಬಾರದೆಂಬ ನಿಯಮವನ್ನು ಬರೆದವನೂ ನಾನೇ; ಅದನ್ನು ಅಳಿಸುವವರೆಗೆ ನಾನು ಹೊರಗೆ ಬರುವುದು ನ್ಯಾಯ. ಎರಡು ವರ್ಷದಿಂದ ಕೋಟಿನ ಜೇಬಿನಲ್ಲಿಟ್ಟುಕೊಂಡಿರುವ ಬೀಗದ ಕೈಯನ್ನು ಈಗ ತರುತ್ತಿದ್ದೇನೆ. ಮರಳಿನ ಮೂಟೆಗಳನ್ನು ನಾಳೆ ಬೆಳಿಗ್ಗೆ ಸಮಿತಿಯ ಸದಸ್ಯರೇ ಹೊತ್ತು ಹಾಕುತ್ತಾರೆ, ನಾನೂ ಹೊರುತ್ತೇನೆ.

ನನ್ನನ್ನು ಸನ್ಮಾನಿಸಿದ ಕ್ಲಬ್ಬಿಗೆ, ನಡುವೆ ಎದ್ದು ಹೋಗದ ಸದಸ್ಯರಿಗೆ, ಎದ್ದು ಹೋದ ಇಬ್ಬರಿಗೆ, ಕನ್ನಡದಲ್ಲೇ ಮಾತಾಡು ಎಂದು ನನ್ನನ್ನು ಸಿಕ್ಕಿಹಾಕಿಸಿದ ಅಧ್ಯಕ್ಷರಿಗೆ ನನ್ನ ಕೃತಜ್ಞತೆಗಳು. ಚೋಮಿಗೆ ಹೇಳಬೇಕಾದದ್ದು ಒಂದೇ ಇದೆ, ಅದನ್ನು ಅವಳ ಲೈನಿನ ಬಾಗಿಲಿಗೆ ಹೋಗಿ ನಾನೇ ಹೇಳುತ್ತೇನೆ: ನೀನು ಸಾರಿಸಿದ ನೆಲ ಒಣಗಿ ಎರಡು ವರ್ಷವಾಯಿತಮ್ಮ, ಒಳಗೆ ಬಾ. ಎಲ್ಲರಿಗೂ ನಮಸ್ಕಾರ.